ಸರ್ವೆಯ ಪ್ರಕಾರ ನಾನು ಸಿಗರೇಟ್ ಸೇದುವುದಿಲ್ಲ

ಒಮಾನ್ ದೇಶದಲ್ಲಿ ಎಷ್ಟು ಜನ ಸಿಗರೇಟ್ ಸೇದುತ್ತಾರೆ ಎಂದು ಯಾರಾದರೂ ನಿಮಗೆ ಲೆಕ್ಕ ತೋರಿಸಿದರೆ, ದಯವಿಟ್ಟು ಅದಕ್ಕೆ ಒಂದು ಸೇರಿಸಿಕೊಳ್ಳಿ. ಬಿಟ್ಟುಹೋದ ಆ ಒಂದು ನಾನು.

ತಪ್ಪು ಸರ್ವೆಯವರದಲ್ಲ. ಅವರು ಸರಿಯಾಗಿಯೇ ಕೇಳಿದ್ದರು. ಉತ್ತರ ಕೊಟ್ಟವನು ನಾನೇ. ಪಕ್ಕದಲ್ಲಿ ಹೆಂಡತಿ ಕೂತಿದ್ದಳು. ಇಷ್ಟು ಹೇಳಿದರೆ ಮದುವೆಯಾದ ಓದುಗರಿಗೆ ಅರ್ಧ ಕಥೆ ಗೊತ್ತಾಗಿರಬೇಕು. ಉಳಿದರ್ಧ ಕೇಳಿ.

ಎರಡು ತಿಂಗಳ ಹಿಂದೆ ಒಂದು ಸಂಜೆ, ಮಸ್ಕತ್ ಪಕ್ಕದ ಸೀಬ್‌ನ ನಮ್ಮ ಫ್ಲ್ಯಾಟಿನ ಬೆಲ್ ಆಯಿತು. ಬಾಗಿಲಲ್ಲಿ ಇಬ್ಬರು ಹೆಂಗಸರು. ಒಬ್ಬಳು ಕಪ್ಪು ಅಬಾಯಾ ತೊಟ್ಟ ಒಮಾನಿ ಹುಡುಗಿ, ಕೈಯಲ್ಲಿ ಕ್ಲಿಪ್‌ಬೋರ್ಡು. ಇನ್ನೊಬ್ಬರು ನರ್ಸ್ ಥರ ಕಾಣುವ ಕೇರಳದ ಮಧ್ಯವಯಸ್ಕರು. ಆರೋಗ್ಯದ ಸರ್ವೆಯಂತೆ. ಹತ್ತು ನಿಮಿಷ ಸಾಕಂತೆ.

ಮನೆಗೆ ಬಂದವರನ್ನು ಬರಿಗೈಯಲ್ಲಿ ಕಳಿಸಿದರೆ ನನ್ನ ಹೆಂಡತಿ ಹಿಲ್ಡಾಳಿಗೆ ಆ ವಾರ ನಿದ್ದೆ ಬರುವುದಿಲ್ಲ. ಚಹಾ ಬಂತು. ಚಕ್ಕುಲಿ ಬಂತು. ಒಮಾನಿ ಹುಡುಗಿ ಚಕ್ಕುಲಿಯನ್ನು ತಿರುಗಿಸಿ ತಿರುಗಿಸಿ ನೋಡಿ, ಒಂದು ತುದಿ ಮುರಿದು ಬಾಯಿಗೆ ಹಾಕಿಕೊಂಡು, ಪ್ರಶ್ನೆ ಶುರು ಮಾಡಿದಳು. ಮನೆಯಲ್ಲಿ ಎಷ್ಟು ಜನ? ಮೂವರು. ಬಿಪಿ? ಇಲ್ಲ. ಶುಗರ್? ಇಲ್ಲ. ಎಕ್ಸರ್‌ಸೈಜ್? (ಪಾರ್ಕಿಂಗಿನಿಂದ ಮನೆ ತನಕ ನಡೆಯುತ್ತೇನೆ ಎಂದೆ. ಅವಳು ಬರೆದುಕೊಳ್ಳಲಿಲ್ಲ.)

"ಡು ಯು ಸ್ಮೋಕ್, ಸರ್?"

ನಾನು ಬಾಯಿ ತೆರೆದೆ. ಪ್ಯಾಕೆಟ್ ಕೆಳಗೆ ಕಾರಿನಲ್ಲಿ, ಸ್ಟೆಪ್ನಿ ಟೈರಿನ ಹಿಂದೆ, ಹಳೇ ಬಟ್ಟೆಯಲ್ಲಿ ಸುತ್ತಿ ಮಲಗಿತ್ತು. ಹಿಲ್ಡಾ ನನ್ನ ಮುಖ ನೋಡಿದಳು. ಸಂಶಯದಿಂದ ಅಲ್ಲ ಮಾರಾಯ್ರೆ, ಹೆಮ್ಮೆಯಿಂದ!

"ನೋ," ಎಂದೆ.

"ನಾಲ್ಕು ವರ್ಷ ಆಯ್ತು ಮ್ಯಾಡಂ ಇವರು ಬಿಟ್ಟು," ಎಂದು ಹಿಲ್ಡಾ ತನ್ನ ಇಂಗ್ಲಿಷಿನಲ್ಲಿ ಸೇರಿಸಿದಳು. "ಒಂದೇ ದಿನದಲ್ಲಿ ಬಿಟ್ಟದ್ದು. ವಿಲ್‌ಪವರ್!"

"ಮಾಶಾಲ್ಲಾ," ಎಂದಳು ಹುಡುಗಿ, ಮನಸ್ಸು ತುಂಬಿ. ಒಂದು ಟಿಕ್ ಹಾಕಿದಳು. ಅಷ್ಟೇ. ಒಂದು ದೇಶದ ಧೂಮಪಾನಿಗಳ ಸಂಖ್ಯೆ ನನ್ನ ಸೋಫಾದ ಮೇಲೆಯೇ ಇಳಿಯಿತು.

ಅವರು ಹೋದ ಮೇಲೆ ನನಗೆ ಅನ್ನಿಸಿದ್ದಿಷ್ಟು. ಈ ಪ್ರಶ್ನೆಯನ್ನು ಎಲ್ಲಾ ಮನೆಗಳಲ್ಲೂ ಹೀಗೇ ಕೇಳುತ್ತಾರಲ್ಲವೇ? ಸಂಜೆ ಹೊತ್ತು, ಸೋಫಾದ ಮೇಲೆ, ಹೆಂಡತಿ ಮಕ್ಕಳ ಎದುರು? ಹಾಗಾದರೆ ಅವರು ಎಣಿಸುತ್ತಿರುವುದು ಸಿಗರೇಟ್ ಸೇದುವವರನ್ನೋ, ಹೆಂಡತಿಗೆ ಹೆದರದವರನ್ನೋ?

ನಿಜ ಹೇಳುತ್ತೇನೆ. ನಾಲ್ಕು ವರ್ಷದ ಹಿಂದೆ ಬಿಟ್ಟದ್ದು ಸುಳ್ಳಲ್ಲ. ಮಗಳು ಶರ್ಲಿಯ ಫಸ್ಟ್ ಕಮ್ಯುನಿಯನ್, ಅಂದರೆ ಚರ್ಚಿನಲ್ಲಿ ಮೊದಲ ಪರಮಪ್ರಸಾದದ ದಿನ, ಬಿಳಿ ಫ್ರಾಕಿನ ಮಗುವಿನ ಎದುರು ನಿಂತು, ಇನ್ನು ಮುಟ್ಟುವುದಿಲ್ಲ ಎಂದು ಹಿಲ್ಡಾಳಿಗೆ ಮಾತು ಕೊಟ್ಟೆ. ಏಳು ತಿಂಗಳು ಮುಟ್ಟಲಿಲ್ಲ. ಎಂಟನೆಯ ತಿಂಗಳು ಆಫೀಸಿನಲ್ಲಿ ಆಡಿಟ್ ಬಂತು. ಸದಾಶಿವನೂ ಬಂದ, ಕೈಯಲ್ಲಿ ಪ್ಯಾಕೆಟ್ ಹಿಡಿದುಕೊಂಡು.

ಸದಾಶಿವ ನನ್ನ ಸಹೋದ್ಯೋಗಿ. ಊರು ಉಡುಪಿಯ ಹತ್ತಿರ, ಮನೆಮಾತು ತುಳು, ಬಾಯಲ್ಲಿ ಸದಾ ಒಂದು ತಮಾಷೆ, ಅದರ ಪಕ್ಕದಲ್ಲಿ ಒಂದು ಸಿಗರೇಟು. "ಎಂತ ಪೊರ್ಬುಲೆ, ಒಂದು ಎಳೆದ್ರೆ ಏಸು ಎಂತ ಶಿಲುಬೆಯಿಂದ ಇಳಿದು ಬರ್ತಾರಾ?" ಎಂದ. (ನಮ್ಮ ಕ್ರಿಸ್ತುವರನ್ನು ತುಳುವರು ಪ್ರೀತಿಯಿಂದ ಪೊರ್ಬುಲೆ ಎನ್ನುತ್ತಾರೆ. ಹಾಳು ಮಾಡುವಾಗಲೂ ಅದೇ ಪ್ರೀತಿ.) ಒಂದು ಎಳೆದೆ. ಖಲಾಸ್.

ಆಮೇಲೆ ಬಂತು ಸರ್ಕ್ಯುಲರ್. ನಮ್ಮ ಕಂಪನಿಯ ಕಟ್ಟಡದೊಳಗೆ ಇನ್ನು ಮುಂದೆ ಧೂಮಪಾನ ನಿಷಿದ್ಧ ಎಂದು ಮ್ಯಾನೇಜರು ಡಿಕ್ಟೇಟ್ ಮಾಡಿದರು, ನಾನು ಟೈಪ್ ಮಾಡಿದೆ. ಸೆಕ್ರೆಟರಿಯ ಕೆಲಸ ಅದೇ ತಾನೆ? "ಸ್ಟ್ರಿಕ್ಟ್ಲಿ ಪ್ರೊಹಿಬಿಟೆಡ್" ಎಂದು ಹೊಡೆದು, ಅಡಿಗೆರೆ ಎಳೆಯುವಾಗ ನನ್ನ ಆಶ್‌ಟ್ರೇಯಲ್ಲಿ ಅರ್ಧ ಸಿಗರೇಟು ಇನ್ನೂ ಉರಿಯುತ್ತಿತ್ತು. ಅದನ್ನು ಮುಗಿಸಿಯೇ ನೋಟಿಸ್ ಬೋರ್ಡಿಗೆ ಪಿನ್ ಚುಚ್ಚಿದೆ. ಕಾನೂನು ಜಾರಿಯಾಗುವ ಮುಂಚಿನ ಸಿಗರೇಟು ಕಾನೂನುಬದ್ಧ, ಅಲ್ಲವೇ?

ಅಂದಿನಿಂದ ನಾವಿಬ್ಬರೂ ತಾರಸಿಗೆ ಗಡೀಪಾರು. ಮಸ್ಕತ್‌ನ ಜೂನ್ ತಿಂಗಳ ತಾರಸಿ ಹೇಗಿರುತ್ತದೆ ಎಂದು ಗೊತ್ತಾಗಬೇಕಾದರೆ, ರೊಟ್ಟಿಯ ಕಾವಲಿಯ ಮೇಲೆ ಐದು ನಿಮಿಷ ನಿಂತು ನೋಡಿ. ಎಸಿ ಮೆಷಿನ್‌ಗಳು ಬಿಸಿಗಾಳಿ ಉಗುಳುತ್ತವೆ. ಅಂಗಿ ಬೆನ್ನಿಗೆ ಅಂಟುತ್ತದೆ. ಆದರೂ ದಿನಕ್ಕೆ ಆರು ಸಲ ಹತ್ತುತ್ತಿದ್ದೆವು. ಬೇರೆ ಯಾವ ಕೆಲಸಕ್ಕಾದರೂ ಕಂಪನಿ ನಮ್ಮನ್ನು ಅಲ್ಲಿಗೆ ಕಳಿಸಿದ್ದರೆ ಲೇಬರ್ ಆಫೀಸಿಗೆ ದೂರು ಕೊಡುತ್ತಿದ್ದೆವೋ ಏನೋ!

ಹಿಲ್ಡಾಳ ಮೂಗು ತೀಕ್ಷ್ಣ. ಪಕ್ಕದ ಫ್ಲ್ಯಾಟಿನಲ್ಲಿ ಯಾವ ಮೀನು ಎಂದು ಲಿಫ್ಟಿನಲ್ಲೇ ಹೇಳುತ್ತಾಳೆ. ಅವಳನ್ನು ಮೂರು ವರ್ಷ ಹೇಗೆ ಯಾಮಾರಿಸಿದೆ ಎಂದು ಕೇಳುತ್ತೀರಾ? ಒಮಾನ್ ದೇಶವೇ ನನಗೆ ಸಹಾಯ ಮಾಡಿತು. ಲೋಬಾನ!

ನಮ್ಮ ಆಫೀಸಿನಲ್ಲಿ ಖಲ್ಫಾನ್ ಎಂಬ ಒಮಾನಿ ಇದ್ದಾನೆ. ಎಲ್ಲರ ವೀಸಾ, ಕಾರ್ಡು, ಮೆಡಿಕಲ್ಲು ಎಂದು ಸರಕಾರಿ ಕಚೇರಿಗಳಿಗೆ ಅಲೆಯುವುದು ಅವನ ಕೆಲಸ. ಬೆಳಿಗ್ಗೆ ಬಂದ ಕೂಡಲೇ ಮಣ್ಣಿನ ಧೂಪದಾನಿಯಲ್ಲಿ ಕೆಂಡ ಹಾಕಿ, ಅದರ ಮೇಲೆ ಲೋಬಾನದ ಹರಳು ಉದುರಿಸಿ, ಎಲ್ಲರ ಟೇಬಲಿಗೂ ಹೊಗೆ ತೋರಿಸುತ್ತಾನೆ. ಇಲ್ಲಿ ಅದು ಮರ್ಯಾದೆ. ಮೊದಲ ದಿನ ಹಿಲ್ಡಾ ಮೂಗು ಏರಿಸಿ "ಎಂತದು ಹೊಗೆ ವಾಸನೆ?" ಎಂದಾಗ, "ಖಲ್ಫಾನ್‌ದು. ಲೋಬಾನ," ಎಂದೆ. ಪಾಪ, ನಂಬಿದಳು. ಮರುವರ್ಷ ಕ್ರಿಸ್ಮಸ್‌ಗೆ ಅವನಿಗೆ ಕೇಕು, ಸಿಹಿತಿಂಡಿ ತುಂಬಿದ ಕುಸ್ವಾರ್ ತಟ್ಟೆ ಕಳಿಸುವಾಗ, "ಒಳ್ಳೇ ಮನುಷ್ಯ, ಆಫೀಸಿನಲ್ಲಿ ದಿನಾ ಧೂಪ ಹಾಕ್ತಾನೆ," ಎಂದು ನೆರೆಮನೆಯವರಿಗೂ ಹೇಳಿದಳು.

ತಮಾಷೆ ಎಂದರೆ ಖಲ್ಫಾನ್ ಸಿಗರೇಟ್ ಮುಟ್ಟುವವನೇ ಅಲ್ಲ. ಅವನ ಊರು ರುಸ್ತಾಕ್. ಹಿಂದಿನ ಕಾಲದಲ್ಲಿ ಮಸ್ಕತ್‌ನ ಬೀದಿಯಲ್ಲಿ ಯಾರಾದರೂ ಸಿಗರೇಟ್ ಹಚ್ಚಿದರೆ ಹಿಡಿದುಕೊಂಡು ಹೋಗುತ್ತಿದ್ದರು ಎಂದು ಅವನ ಅಪ್ಪ ಹೇಳುತ್ತಾರಂತೆ. ಸೇದುವವರು ಖರ್ಜೂರದ ತೋಟದ ಹಿಂದೆ ಅವಿತು ಸೇದುತ್ತಿದ್ದರಂತೆ. "ಈಗ ನೋಡು," ಎನ್ನುತ್ತಾನೆ ತನ್ನ ಹಿಂದಿಯಲ್ಲಿ, "ನನ್ನ ತಮ್ಮನ ಮಕ್ಕಳು ಕಾರಿನಲ್ಲಿ ಕೂತು ಸೇದುತ್ತಾರೆ, ಕಿಟಕಿ ತೆರೆದು. ರೋಡು ಬಂತು, ಆಸ್ಪತ್ರೆ ಬಂತು, ಸ್ಕೂಲ್ ಬಂತು. ಇದೂ ಬಂತು."

ಇದೂ ಬಂತು. ತಂದವರಲ್ಲಿ ನಾವೂ ಇದ್ದೇವೆ ಎಂದು ಅವನು ಹೇಳಲಿಲ್ಲ. ಮರ್ಯಾದಸ್ಥ.

ಆದರೆ ಒಂದು ಮಾತು ಒಪ್ಪಬೇಕು. ಇದು ಚಿಕ್ಕ ದೇಶ. ಇಲ್ಲಿ ಒಂದು ನಿಯಮ ಹೊರಟರೆ ಅದು ಗೋಡೆಗೆ ಬರುವ ಮೊದಲು ಜನರ ನಡತೆಯಲ್ಲಿ ಬರುತ್ತದೆ. ಇಲ್ಲಿ ಬೇಡ ಎಂದರೆ ಬೇಡ. ನಮ್ಮ ಊರಿನಲ್ಲಿ? ಕಳೆದ ರಜೆಯಲ್ಲಿ ಮಂಗಳೂರಿನಿಂದ ಬಸ್ಸಿನಲ್ಲಿ ಹೋಗುವಾಗ "ಧೂಮಪಾನ ನಿಷೇಧಿಸಿದೆ" ಎಂಬ ಬರಹದ ಕೆಳಗೇ ಕಂಡಕ್ಟರು ಬೀಡಿ ಹಚ್ಚಿದರು. ನಾನು ಬರಹ ತೋರಿಸಿದೆ. "ಅದು ಪ್ಯಾಸೆಂಜರಿಗೆ," ಎಂದರು.

ರಂಜಾನ್ ಬಂತೆಂದರೆ ಇನ್ನೂ ಸ್ವಾರಸ್ಯ. ಹಗಲು ಹೊತ್ತು ಹೊರಗೆ ಯಾರೂ ಸೇದುವ ಹಾಗಿಲ್ಲ, ಯಾವ ಧರ್ಮದವರಾದರೂ. ಒಂದು ಗಂಟೆ ಸಿಗರೇಟ್ ಇಲ್ಲದಿದ್ದರೆ ತಲೆ ಓಡುವುದಿಲ್ಲ ಎನ್ನುವ ಗಟ್ಟಿ ಆಸಾಮಿಗಳು ಬೆಳಗಿನಿಂದ ಸಂಜೆ ಮಸೀದಿಯ ಬಾಂಗ್ ತನಕ ತಲೆ ಓಡಿಸುತ್ತಾರೆ. ತಿಂಗಳಿಡೀ! ಬಿಡಲು ಆಗುವುದಿಲ್ಲ ಎನ್ನುವುದು ಹಾಗಾದರೆ ಸುಳ್ಳೇ? ನಾನೂ ಸದಾಶಿವನೂ ಮಾತ್ರ ಆ ತಿಂಗಳಲ್ಲೂ ತಾರಸಿಯ ನೀರಿನ ಟ್ಯಾಂಕಿನ ಹಿಂದೆ ಕುಕ್ಕುರುಗಾಲಲ್ಲಿ ಕೂತು ಎರಡೆರಡು ಎಳೆಯುತ್ತಿದ್ದೆವು. ನಲವತ್ತು ದಾಟಿದ ಇಬ್ಬರು ಗಂಡಸರು, ಟೈ ಕಟ್ಟಿಕೊಂಡು! ಈಗ ನೆನೆದರೆ ನಾಚಿಕೆಯಾಗುತ್ತದೆ.

ಇನ್ನೊಂದು ನಾಚಿಕೆಯನ್ನೂ ಹೇಳಿಬಿಡುತ್ತೇನೆ. ಊರಿಗೆ ಹೊರಡುವಾಗ ನಾವು ಡ್ಯೂಟಿ ಫ್ರೀಯಲ್ಲಿ ಮೊದಲು ಕೊಳ್ಳುವುದೇನು? ಸಿಗರೇಟಿನ ಕಾರ್ಟನ್. ಭಾವನಿಗೆ ಒಂದು, ಚಿಕ್ಕಪ್ಪನಿಗೆ ಒಂದು, ಇಗರ್ಜಿಯ (ಚರ್ಚಿನ) ವಾರ್ಡಿನ ಮುಖ್ಯಸ್ಥ ಗುರ್ಕಾರನಿಗೆ ಎರಡು ಪ್ಯಾಕೆಟ್. ಕೊಡದಿದ್ದರೆ "ಗಲ್ಫಿನಿಂದ ಬಂದವನು ಕೈ ಬೀಸಿಕೊಂಡು ಬಂದ" ಎನ್ನುತ್ತಾರೆ. ಕೆಮ್ಮನ್ನು ಬಣ್ಣದ ಕಾಗದದಲ್ಲಿ ಸುತ್ತಿ ಪ್ರೀತಿಯಿಂದ ಹಂಚುವ ಜನ ನಾವು. ಹಾಗೆಂದು ತಂಬಾಕನ್ನು ಪೂರ್ತಿ ಬೈಯಲು ನನಗೆ ಬಾಯಿ ಬರುವುದಿಲ್ಲ. ನನ್ನ ಅಮ್ಮ ಬೀಡಿ ಕಟ್ಟಿಯೇ ನನ್ನನ್ನು ಎಸ್ಸೆಸ್ಸೆಲ್ಸಿ ದಾಟಿಸಿದವರು. ಅವರ ಮಡಿಲಿನ ತಂಬಾಕಿನ ಮೊರದ ವಾಸನೆ ನನಗೆ ಇವತ್ತಿಗೂ ಅಮ್ಮನ ವಾಸನೆಯೇ. ಏನು ಮಾಡಲಿ?

ಇರಲಿ. ಸರ್ವೆಯಾಗಿ ಎರಡು ವಾರಕ್ಕೆ ನನ್ನ ರೆಸಿಡೆನ್ಸ್ ಕಾರ್ಡು ರಿನ್ಯೂವಲ್‌ಗೆ ಬಂತು. ಗಲ್ಫಿನಲ್ಲಿರುವವರಿಗೆ ಈ ವಿಧಿ ಗೊತ್ತು. ರಕ್ತ ಕೊಡಬೇಕು, ಎದೆಯ ಎಕ್ಸ್‌ರೇ ತೆಗೆಸಬೇಕು. ಎದೆಯಲ್ಲಿ ಏನಾದರೂ ಮಚ್ಚೆ ಕಂಡರೆ ಕಾರ್ಡಿಲ್ಲ. ಕಾರ್ಡಿಲ್ಲದಿದ್ದರೆ ಕೆಲಸವಿಲ್ಲ, ಮನೆಯಿಲ್ಲ, ಮಗಳಿಗೆ ಸ್ಕೂಲಿಲ್ಲ. ಪೆಟ್ಟಿಗೆ ಕಟ್ಟುವುದೇ.

ನನಗೇನೂ ಭಯವಿರಲಿಲ್ಲ. ಹಿಂದೆ ಎಷ್ಟೋ ಸಲ ಪಾಸಾದವನು. ಉದ್ದನೆಯ ಕ್ಯೂ. ಮುಂದೆ ಬಂಗಾಳಿಗಳು, ಹಿಂದೆ ಪಂಜಾಬಿಗಳು. ಟೆಕ್ನಿಷಿಯನ್‌ಗೆ ಎಲ್ಲರನ್ನೂ ಮಧ್ಯಾಹ್ನದೊಳಗೆ ಮುಗಿಸುವ ಅವಸರ. "ಅಂಗಿ ತೆಗಿ, ಬನಿಯನ್ ಇರಲಿ, ಚೈನ್ ವಾಚ್ ತೆಗಿ, ಯಲ್ಲಾ!" ಎಂದು ಹಿಂದಿಯಲ್ಲಿ ಗದರಿದ. ತೆಗೆದೆ. ಉಸಿರು ಹಿಡಿದೆ. ಟಕ್ ಎಂದಿತು. ಹೊರಗೆ ಬಂದವನೇ ಕಾರಿನ ಸ್ಟೆಪ್ನಿಯ ಹಿಂದೆ ಕೈ ಹಾಕಿ ಒಂದು ಹಚ್ಚಿದೆ. ಅಷ್ಟು ಧೈರ್ಯ!

ಮುಂದಿನ ಸೋಮವಾರ ಖಲ್ಫಾನ್ ನನ್ನ ಟೇಬಲಿಗೆ ಬಂದ. ಕೈಯಲ್ಲಿ ಧೂಪದಾನಿ ಇರಲಿಲ್ಲ.

"ಲಾರೆನ್ಸ್ ಭಾಯಿ," ಎಂದ ಮೆಲ್ಲಗೆ, "ಸಬ್ ಕಾ ಆಯಾ. ತುಮ್ಹಾರಾ ನಹೀ ಆಯಾ."

ಎಲ್ಲರ ಮೆಡಿಕಲ್ ರಿಪೋರ್ಟೂ ಬಂದಿದೆ, ನನ್ನದೊಂದೇ ಬಂದಿಲ್ಲ. ಶನಿವಾರ ಬೆಳಿಗ್ಗೆ ಮತ್ತೊಮ್ಮೆ ಎಕ್ಸ್‌ರೇಗೆ ಬರಬೇಕಂತೆ. ಯಾಕೆ? ಎಡಗಡೆ ಏನೋ ಕಂಡಿದೆಯಂತೆ. ಏನು? ಅದು ಖಲ್ಫಾನ್‌ಗೆ ಗೊತ್ತಿಲ್ಲ. "ಮಾಫಿ ಮುಷ್ಕಿಲ್, ಏನೂ ತೊಂದರೆಯಿಲ್ಲ," ಎಂದ. ಆದರೆ ಸಣ್ಣ ಕೆಲಸಕ್ಕೂ ಭುಜ ತಟ್ಟಿ ನಗುವ ಮನುಷ್ಯ ಆ ದಿನ ನಗಲಿಲ್ಲ.

ನಾನು ತಾರಸಿ ಹತ್ತಿದೆ. ಸದಾಶಿವ ಅಲ್ಲಿದ್ದ. ವಿಷಯ ಕೇಳಿ, ತಮಾಷೆ ಹುಡುಕಿದ, ಸಿಗಲಿಲ್ಲ. ಅಭ್ಯಾಸಬಲದಿಂದ ಪ್ಯಾಕೆಟ್ ಮುಂದೆ ಹಿಡಿದ. ನಾನೂ ಅಭ್ಯಾಸಬಲದಿಂದ ಒಂದನ್ನು ಎಳೆದುಕೊಂಡೆ. ತುಟಿಯ ತನಕ ಹೋಯಿತು. ಅಲ್ಲಿಂದ ಮುಂದೆ ಹೋಗಲಿಲ್ಲ. ಇಪ್ಪತ್ತೆರಡು ವರ್ಷ ಸೇದಿದ್ದೇನಲ್ಲ, ಎಡಗಡೆ ಏನು ಕಂಡಿರಬಹುದು ಎಂದು ನನಗೆ ಬೇರೆಯವರು ಹೇಳಬೇಕಾಗಿತ್ತೇ? ಸಿಗರೇಟನ್ನು ಅವನ ಪ್ಯಾಕೆಟಿಗೇ ವಾಪಸ್ ತುರುಕಿ ಇಳಿದು ಬಂದೆ. ಭಯವಾಗಿತ್ತು, ಸ್ವಾಮಿ. ಬರೀ ಭಯ.

ಆ ದಿನ ಮನೆಯಲ್ಲಿ ಏನೂ ಹೇಳಲಿಲ್ಲ. ಮರುದಿನ ಸಂಜೆ ಹಿಲ್ಡಾ ಅಡುಗೆಮನೆಯಲ್ಲಿ ಅಂಜಲ್ ಮೀನು ಹುರಿಯುತ್ತಿದ್ದಳು. ಬಾಗಿಲಿಗೆ ಒರಗಿ ನಿಂತು ಹೇಳಿದೆ. (ಮನೆಯಲ್ಲಿ ನಮ್ಮದು ಕೊಂಕಣಿ. ನಿಮಗಾಗಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಬೈಗುಳಗಳು ಕೊಂಕಣಿಯಲ್ಲೇ ಚೆನ್ನ.)

"ಶನಿವಾರ ಪುನಃ ಎಕ್ಸ್‌ರೇ ಉಂಟು. ಎದೆಯಲ್ಲಿ ಏನೋ ಕಂಡಿದೆಯಂತೆ."

ಅವಳು ಸೌಟು ಕೆಳಗಿಟ್ಟಳು. "ನಿಮಗೆ ಎಂತ ಆಗ್ಲಿಕ್ಕುಂಟು? ಸಿಗರೇಟ್ ಬಿಟ್ಟು ನಾಲ್ಕು ವರ್ಷ ಆಯ್ತಲ್ಲ. ಮಿಷನ್ ಹಾಳಾಗಿರ್ಬೇಕು."

ಈಗ ಹೇಳದಿದ್ದರೆ ಇನ್ನು ಯಾವಾಗ?

"ಬಿಟ್ಟಿಲ್ಲ," ಎಂದೆ.

ಮೀನು ಚುರುಚುರು ಎನ್ನುತ್ತಿತ್ತು. ಅವಳು ಗ್ಯಾಸ್ ಆರಿಸಿದಳು. ಅದೂ ನಿಂತಿತು.

"ಎಷ್ಟು ಸಮಯದಿಂದ?"

"ಮೂರು ವರ್ಷದ ಮೇಲೆ ಆಯ್ತು."

"ಹಾಗಾದ್ರೆ ಆ ಲೋಬಾನ?"

"ಸ್ವಲ್ಪ ಲೋಬಾನವೂ ಇತ್ತು."

ಅಳುತ್ತಾಳೆ ಎಂದುಕೊಂಡಿದ್ದೆ. ಕಿರುಚುತ್ತಾಳೆ ಎಂದುಕೊಂಡಿದ್ದೆ. ಎರಡೂ ಇಲ್ಲ. ಅವಳು ಕೇಳಿದ್ದು ಇಷ್ಟು: "ಆ ಸರ್ವೆಯ ಹುಡುಗಿಯ ಎದುರು ನಾನು ಅಷ್ಟು ದೊಡ್ಡ ಬಾಯಿ ಮಾಡಿ ಹೇಳಿದೆನಲ್ಲ! ವಿಲ್‌ಪವರ್ ಅಂತ ಹೇಳಿದೆ! ನೀವು ಪಕ್ಕದಲ್ಲಿ ಕೂತು ಕೇಳ್ತಾ ಇದ್ರಿ. ನನ್ನನ್ನು ಎಂತ ಮಾಡಿಬಿಟ್ರಿ ನೀವು?"

ನಾನು ಹೊಗೆ ಬಿಟ್ಟದ್ದು ನನ್ನ ಎದೆಗೆ ಮಾತ್ರ ಎಂದುಕೊಂಡಿದ್ದೆ. ಅವಳನ್ನು ಸಾಕ್ಷಿಕಟ್ಟೆಗೆ ಹತ್ತಿಸಿ ಸುಳ್ಳು ಹೇಳಿಸಿದ್ದೇನೆ ಎಂದು ಆ ಹೊತ್ತಿಗೆ ಹೊಳೆಯಿತು. ಕ್ಷಮಿಸು ಎಂದೆ. ಅವಳು ಮೀನು ಬಡಿಸಿದಳು, ನನಗೆ ಬಾಲದ ತುಂಡು. ತಾನು ಉಣ್ಣಲಿಲ್ಲ.

ಶರ್ಲಿಗೆ ಈಗ ಹನ್ನೆರಡು. ಗೋಡೆಯಾಚೆ ಎಲ್ಲಾ ಕೇಳಿಸಿಕೊಂಡಿದ್ದಳು. ಮಲಗುವ ಮುಂಚೆ ನನ್ನ ಹತ್ತಿರ ಬಂದು, "ಡ್ಯಾಡಿ, ಆರ್ ಯು ಗೋಯಿಂಗ್ ಟು ಡೈ?" ಎಂದಳು. ಇಲ್ಲ ಎಂದೆ. "ಪ್ರಾಮಿಸ್?" ಎಂದಳು. ನಾನು ಪ್ರಾಮಿಸ್ ಮಾಡಲಿಲ್ಲ. ನನ್ನ ಪ್ರಾಮಿಸಿಗೆ ಆ ಮನೆಯಲ್ಲಿ ಎಷ್ಟು ಬೆಲೆ ಉಳಿದಿತ್ತು, ಹೇಳಿ? ತಲೆ ಸವರಿದೆ, ಅಷ್ಟೇ.

ಬುಧವಾರ, ಗುರುವಾರ, ಶುಕ್ರವಾರ. ಸಿಗರೇಟ್ ಬೇಕು ಎಂದು ಮೈಯೆಲ್ಲಾ ಕೇಳುತ್ತಿತ್ತು. ಕೈ ತಾನಾಗಿ ಜೇಬಿಗೆ ಹೋಗುತ್ತಿತ್ತು. ಸಿಟ್ಟು ಬರುತ್ತಿತ್ತು, ಟೈಪ್‌ರೈಟರಿನ ಮೇಲೂ. ಶುಕ್ರವಾರ (ಇಲ್ಲಿ ವಾರದ ರಜೆ ಅಂದೇ) ಇಗರ್ಜಿಯ ಪೂಜೆಗೆ ಹೋದಾಗ ನಾನು ಬೇಡಿಕೊಂಡದ್ದು ಒಂದೇ. ದೇವರೇ, ಊರಿಗೆ ಕಳಿಸುವುದಾದರೆ ಕಳಿಸು, ಹೇಗೋ ಬದುಕುತ್ತೇವೆ. ಆದರೆ ಈ ಇಬ್ಬರನ್ನು ಬಿಟ್ಟು ಬೇರೆ ಎಲ್ಲಿಗೂ ಕಳಿಸಬೇಡ.

ಶನಿವಾರ ಹಿಲ್ಡಾ ರೆಡಿಯಾಗಿ ಕಾರಿನ ಪಕ್ಕ ನಿಂತಿದ್ದಳು. "ನಾನೂ ಬರ್ತೇನೆ," ಎಂದಳು. ಮಂಗಳವಾರದ ನಂತರ ನನ್ನೊಡನೆ ಆಡಿದ ಮೊದಲ ಪೂರ್ತಿ ವಾಕ್ಯ ಅದು.

ಈ ಸಲ ಕ್ಯೂ ಇರಲಿಲ್ಲ. ಟೆಕ್ನಿಷಿಯನ್ ಬೇರೆಯವನು, ಹೈದರಾಬಾದಿನವನು, ನಿಧಾನಸ್ಥ. ಅಂಗಿ ತೆಗೆಯಿರಿ ಎಂದ. ಬನಿಯನ್ನೂ ತೆಗೆಯಿರಿ ಎಂದ. ತೆಗೆದೆ. ಪ್ಲೇಟಿಗೆ ಎದೆ ಒತ್ತಿ ನಿಂತೆ. ಹಿಂದಿನಿಂದ ಅವನ ದನಿ ಬಂತು.

"ಯೇ ಕ್ಯಾ ಹೈ, ಭಾಯಿಸಾಬ್?"

"ಯಾವುದು?"

"ಬೆನ್ನ ಮೇಲೆ, ಎಡಕ್ಕೆ ಜಾರಿದೆ. ತಾಯತವಾ?"

ಬೆಂತಿಣ್!

ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ನಮ್ಮ ಕ್ರಿಸ್ತುವರು ಕೊರಳಿಗೆ ಹಾಕಿಕೊಳ್ಳುವ ಕಂದು ಬಟ್ಟೆಯ ಎರಡು ಪುಟ್ಟ ಚೌಕಗಳು ಅವು. ಒಂದು ಎದೆಯ ಮೇಲೆ, ಒಂದು ಬೆನ್ನ ಮೇಲೆ, ನಡುವೆ ದಾರ. ಕಳೆದ ರಜೆಯಲ್ಲಿ ನನ್ನ ಹಳೆಯದು ಹರಿದಿದೆ ಎಂದು ಅಮ್ಮ ಹೊಸದು ಮಾಡಿಕೊಟ್ಟಿದ್ದರು. ಬೀಡಿ ಸುತ್ತಿದ ಕೈ, ಹೊಲಿಗೆ ಗಟ್ಟಿ. ಪರದೇಶದಲ್ಲಿರುವ ಮಗನಿಗೆ ಡಬಲ್ ರಕ್ಷಣೆ ಇರಲಿ ಎಂದು ಬೆನ್ನಿನ ಚೌಕದೊಳಗೆ ಮಾತೆಯ ಪುಟ್ಟ ಪದಕವೊಂದನ್ನು ಇಟ್ಟು ಹೊಲಿದಿದ್ದರು. "ಮೀಯುವಾಗ್ಲೂ ತೆಗೀಬೇಡ ಮಗಾ," ಎಂದಿದ್ದರು. ನಾನು ತೆಗೆಯಲಿಲ್ಲ. ಎರಡು ವಾರದ ಹಿಂದೆ ಚೈನ್ ತೆಗಿ, ವಾಚ್ ತೆಗಿ ಎಂದು ಗದರಿದಾಗಲೂ ತೆಗೆಯಲಿಲ್ಲ. ನೆನಪೇ ಆಗಲಿಲ್ಲ. ಬೆಂತಿಣ್ ನಮಗೆ ಚೈನೂ ಅಲ್ಲ, ಒಡವೆಯೂ ಅಲ್ಲ. ಅದು ಚರ್ಮ.

ಹೊರಗೆ ಬೆಂಚಿನಲ್ಲಿ ಕೂತಿದ್ದ ಹಿಲ್ಡಾಳ ಕೈಗೆ ಅದನ್ನು ಕೊಟ್ಟು ಒಳಗೆ ಬಂದೆ. ಅವಳು ಮುಷ್ಟಿಯಲ್ಲಿ ಹಿಡಿದುಕೊಂಡಳು. ಮತ್ತೆ ಉಸಿರು ಹಿಡಿ. ಟಕ್.

ಅರ್ಧ ಗಂಟೆ ಬಿಟ್ಟು ಇಬ್ಬರನ್ನೂ ಒಳಗೆ ಕರೆದರು. ಡಾಕ್ಟರು ಈಜಿಪ್ಟಿನವರು, ದಪ್ಪ ಮೀಸೆ, ದಣಿದ ಕಣ್ಣು. ಚಿಕ್ಕದಾದ ಹಳೇ ಫಿಲ್ಮ್, ದೊಡ್ಡ ಹೊಸ ಫಿಲ್ಮ್ ಎರಡನ್ನೂ ಬೆಳಕಿಗೆ ಸಿಕ್ಕಿಸಿದರು. ಹಳೆಯದರಲ್ಲಿ ಎಡಗಡೆ ಒಂದು ಮಸುಕು ಮಚ್ಚೆ. ಹೊಸದರಲ್ಲಿ ಅದೇ ಜಾಗ ಖಾಲಿ. ಪೂರಾ ಖಾಲಿ. ಅಷ್ಟು ಚೆಂದದ ಖಾಲಿ ಜಾಗವನ್ನು ನನ್ನ ಜನ್ಮದಲ್ಲಿ ನೋಡಿಲ್ಲ.

"ಆ ಚಿಕ್ಕ ಫಿಲ್ಮಿನಲ್ಲಿ ಇಷ್ಟು ದುಂಡಗೆ ಕಂಡಾಗಲೇ ನನಗೆ ಅನುಮಾನ ಬಂದಿತ್ತು," ಎಂದರು ಡಾಕ್ಟರು ಇಂಗ್ಲಿಷಿನಲ್ಲಿ. "ಕಾಯಿಲೆಗೆ ಇಷ್ಟು ಶಿಸ್ತು ಇರುವುದಿಲ್ಲ."

ನನ್ನ ಎದೆಯಿಂದ ಗಾಳಿ ಹೊರಟಿತು. ಐದು ದಿನದಿಂದ ಒಳಗೆ ನಿಂತಿದ್ದ ಗಾಳಿ. ಹಿಲ್ಡಾ ಶಿಲುಬೆಯ ಗುರುತು ಹಾಕಿಕೊಂಡಳು. ನನಗೆ ಕಣ್ಣಲ್ಲಿ ನೀರು ಬಂತು. ಬರಲಿ ಎಂದು ಬಿಟ್ಟೆ.

ಡಾಕ್ಟರು ಫೈಲ್ ಮುಚ್ಚುವ ಮುಂಚೆ ಪೆನ್ನು ಎತ್ತಿದರು. "ಸ್ಮೋಕರ್?"

ಈ ಸಲ ಹಿಲ್ಡಾ ಬಾಯಿ ಬಿಡಲಿಲ್ಲ. ನನ್ನ ಮುಖವನ್ನೂ ನೋಡಲಿಲ್ಲ. ಗೋಡೆಯ ಮೇಲಿನ ಕ್ಯಾಲೆಂಡರ್ ಓದುತ್ತಿದ್ದಳು. ಅರೇಬಿಕ್ ಕ್ಯಾಲೆಂಡರ್. ಅವಳಿಗೆ ಅರೇಬಿಕ್ ಬರುವುದಿಲ್ಲ.

"ಹೌದು, ಡಾಕ್ಟರ್. ಇಪ್ಪತ್ತೆರಡು ವರ್ಷ. ಬಿಟ್ಟು ಐದು ದಿನ ಆಯಿತು."

"ಐದು ದಿನ ಎಂದರೆ ಬಿಟ್ಟದ್ದಲ್ಲ, ಹೆದರಿದ್ದು," ಎಂದರು ಅವರು. "ಆದರೂ ಒಳ್ಳೆಯದು. ಎಲ್ಲರೂ ಅಲ್ಲಿಂದಲೇ ಶುರು ಮಾಡುತ್ತಾರೆ." ಫೈಲಿನಲ್ಲಿ ಏನೋ ಬರೆದರು. ಕೊನೆಗೂ ಈ ದೇಶದ ಒಂದು ಕಾಗದದಲ್ಲಿ ನನ್ನ ಬಗ್ಗೆ ನಿಜ ದಾಖಲಾಯಿತು.

ಪಾರ್ಕಿಂಗಿಗೆ ಬಂದು ಕಾರಿನಲ್ಲಿ ಕೂತ ಮೇಲೆ ಹಿಲ್ಡಾ ಮುಷ್ಟಿ ಬಿಚ್ಚಿದಳು. ಬೆಂತಿಣ್ ಬೆವರಿನಿಂದ ಒದ್ದೆಯಾಗಿತ್ತು. ಅದನ್ನು ನೋಡಿದಳು, ನನ್ನನ್ನು ನೋಡಿದಳು. "ನಿಮ್ಮ ಮಾಯ್ ಹೊಲಿದದ್ದು ನಿಮ್ಮನ್ನು ಕಾಪಾಡ್ಲಿಕ್ಕೆ. ಅದು ನಿಮ್ಮನ್ನು ಊರಿಗೇ ಓಡಿಸ್ತಿತ್ತಲ್ಲ ಮಾರಾಯ್ರೆ!" ಎಂದು ನಗಲು ಶುರು ಮಾಡಿದಳು. ನಗು ನಿಲ್ಲಲೇ ಇಲ್ಲ. ನಾನೂ ನಕ್ಕೆ. ಪಕ್ಕದ ಕಾರಿನ ಒಮಾನಿ ಅಜ್ಜ ಗಾಜು ಇಳಿಸಿ ನೋಡಿ, ತಾನೂ ನಕ್ಕು, ಗಾಜು ಏರಿಸಿದ. ಕಣ್ಣು ಒರೆಸಿಕೊಂಡು ಹಿಲ್ಡಾ ಗಂಭೀರಳಾದಳು.

"ನಗಾಡಿದೆ ಅಂತ ಮಾಫ್ ಮಾಡಿದೆ ಅಂತ ತಿಳ್ಕೊಳ್ಬೇಡಿ."

ಆ ಮಧ್ಯಾಹ್ನವೇ ಸ್ಟೆಪ್ನಿಯ ಹಿಂದಿನ ಗಂಟನ್ನು ಬಿಚ್ಚಿ, ಅವಳ ಎದುರೇ ಕಸದ ಡ್ರಮ್ಮಿಗೆ ಹಾಕಿದೆ. ಆಫೀಸಿನಲ್ಲಿ ಖಲ್ಫಾನ್ ಸುದ್ದಿ ಕೇಳಿ ನನ್ನನ್ನು ಅಪ್ಪಿಕೊಂಡ, ಡಬ್ಬಿ ತುಂಬಾ ಒಮಾನಿ ಹಲ್ವಾ ತಂದುಕೊಟ್ಟ. ಮೂರು ವರ್ಷ ಅವನ ಲೋಬಾನಕ್ಕೆ ನಾನು ಹಚ್ಚಿದ ಕಳಂಕವನ್ನು ಅವನಿಗೆ ಹೇಳಿ ತಪ್ಪೊಪ್ಪಿಕೊಂಡೆ. "ಕ್ರಿಸ್ಮಸ್ಸಿಗೆ ಬಂದ ಆ ಕೇಕು ಹಾಗಾದರೆ ಯಾವುದಕ್ಕೆ?" ಎಂದು ಕೇಳಿದ. ಸದಾಶಿವ ಈಗ ತಾರಸಿಗೆ ಒಬ್ಬನೇ ಹೋಗುತ್ತಾನೆ, ಬೇಗ ಇಳಿಯುತ್ತಾನೆ. ಸಿಗರೇಟು ರುಚಿಸುವುದಿಲ್ಲವೋ, ಜೊತೆಯಿಲ್ಲವೋ, ನಾನು ಕೇಳಿಲ್ಲ.

ಒಂದು ತಿಂಗಳಾಯಿತು. ಮುಟ್ಟಿಲ್ಲ. ಊಟದ ನಂತರ ಈಗಲೂ ಕಷ್ಟ. ಫೋನ್ ಬಂದಾಗ ಕಷ್ಟ. ಈ ಅಂಕಣ ಬರೆಯುವಾಗಲಂತೂ ತೀರಾ ಕಷ್ಟ. (ಈ ವಾರದ ಬರಹ ಸಪ್ಪೆಯಾಗಿದ್ದರೆ ಕಾರಣ ಗೊತ್ತಾಯಿತಲ್ಲ?) ಆದರೆ ಬೆಳಿಗ್ಗೆ ಏಳುವಾಗ ಒಂದು ಹಗುರ. ಯಾವ ವಾಸನೆಯನ್ನೂ ಯಾರ ತಲೆಗೂ ಕಟ್ಟಬೇಕಾಗಿಲ್ಲ. ಕಾರಿನ ಡಿಕ್ಕಿ ತೆರೆಯುವಾಗ ಎದೆ ಹೊಡೆದುಕೊಳ್ಳುವುದಿಲ್ಲ. ಸುಳ್ಳು ಇಳಿಸಿದ ಮೇಲೆಯೇ ಗೊತ್ತಾಗುವುದು, ಅದು ಎಷ್ಟು ಭಾರವಿತ್ತೆಂದು.

ಮೊನ್ನೆ ಗುರುವಾರ ಸ್ನೇಹಿತರ ಮನೆಯಲ್ಲಿ ಊಟ. ಗಂಡಸರ ನಡುವೆ ಪ್ಯಾಕೆಟ್ ಸುತ್ತು ಬಂತು. ನಾನು ಬೇಡ ಎಂದೆ. ಮನೆಯೊಡತಿ ಮೆಚ್ಚುಗೆಯಿಂದ ಹಿಲ್ಡಾಳ ಕಡೆ ತಿರುಗಿ, "ಇವರು ಬಿಟ್ಟು ವರ್ಷಗಳೇ ಆದವಲ್ಲ ಹಿಲ್ಡಾ?" ಎಂದರು. ಎಲ್ಲರೂ ಅವಳನ್ನು ನೋಡಿದರು. ನಾನೂ ನೋಡಿದೆ.

ಅವಳು ಇಡ್ಲಿಯಂಥ ಸಣ್ಣಾಸಿನ ತಟ್ಟೆಯನ್ನು ಪಕ್ಕದವರಿಗೆ ದಾಟಿಸುತ್ತಾ, "ಅದು ನನಗೆ ಗೊತ್ತಿಲ್ಲ, ಅವರನ್ನೇ ಕೇಳಿ," ಎಂದಳು.

ಇದಕ್ಕಿಂತ ದೊಡ್ಡ ಎಚ್ಚರಿಕೆಯನ್ನು ಯಾವ ಸರಕಾರ ತಾನೇ ಸಿಗರೇಟ್ ಪ್ಯಾಕೆಟಿನ ಮೇಲೆ ಅಚ್ಚು ಹಾಕಿಸೀತು?